ಜೋಳದ ಬಣ್ಣದ ರೇಶಿಮೆ

ಬೆಳ್ಳನೆಯ ಅರಿವೆ ಹೊಲಿಯುವ ಮನೆಯಲ್ಲಿ ನಾಲಿಗೆಗೆ ರುಚಿ ಇರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಬಾಗೇವಾಡಿಯ ನಮ್ಮ ಅಂಗಡಿಗೆ ಬರುವ ಹುಡುಗಿಯರು ಗಾಜಿನ ಹಿಂದೆ ತೂಗುಹಾಕಿದ ದಂತದ ಬಣ್ಣದ ಉದ್ದ ಕೋಟು, ಮೈಗೆ ಹತ್ತಿ ಕೂಡುವ ರೇಶಿಮೆ ಕುಬಸ, ತೆಳು ಅಸ್ತರದ ಮೇಲಂಗಿ ಎಲ್ಲ ನೋಡಿ ಗುಡಿಯಲ್ಲಿ ನಿಂತವರಂತೆ ದನಿ ತಗ್ಗಿಸುತ್ತಾರೆ. ಇಂಡಿಯಿಂದ ಬರುತ್ತಾರೆ, ನಾಲತವಾಡದಿಂದ ಬರುತ್ತಾರೆ, ಮೊಬೈಲಿನಲ್ಲಿ ಚಿತ್ರ ಹಿಡಿದು ಬರುತ್ತಾರೆ. ಆಫ್ ವೈಟ್ ಬೇಕು ಅನ್ನುತ್ತಾರೆ. ಎಂಥ ಆಫ್ ವೈಟ್ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಹಾಲಿನದೋ, ಕೆನೆಯದೋ, ಬೆಣ್ಣೆಯದೋ, ಸುಲಿದ ಬೆಳ್ಳುಳ್ಳಿಯದೋ? ನನ್ನ ಮೊಮ್ಮಗಳು ನಗುತ್ತಾಳೆ. ಅಂಗಡಿ ಈಗ ಅವಳದು, ಕತ್ತರಿಸುವವಳೂ ಅವಳೇ. ನಾನು ಕುರ್ಚಿ ಹಾಕಿಕೊಂಡು ಕೂತು, ಅರಿವೆ ಮುಟ್ಟಿ ನೋಡಿ, ಇದು ಬೇಡ, ಇದು ಇರಲಿ ಅನ್ನುತ್ತೇನೆ, ಅಷ್ಟೇ. ಮೊನ್ನೆ ಗೊಳಸಂಗಿಯ ಒಬ್ಬಳು, ಬ್ಯಾಂಕಿನ ನೌಕರಿಯವಳು, ಕೋಟಿಗೆ ಅಳತೆ ಕೊಡುತ್ತ ಕೇಳಿದಳು.

"ಅಜ್ಜಿ, ಇದನ್ನೆಲ್ಲಾ ಎಲ್ಲಿ ಕಲತ್ರಿ? ಬೆಳಗಾವ್ಯಾಗ? ಪುಣೇದಾಗ?"

"ಸಿಂದಗ್ಯಾಗ. ನಮ್ಮಪ್ಪನ ಮನ್ಯಾಗ, ಬಾಗಲಾ ಹಾಕ್ಕೊಂಡು."

"ಬಾಗಲಾ ಯಾಕ ಹಾಕ್ಕೊಂಡ್ರಿ?"

ಕೈ ಎತ್ತಿ ನಿಂತವಳಿಗೆ ಅಷ್ಟು ಉದ್ದದ ಉತ್ತರ ಹೇಳುತ್ತ ಕೂಡಲು ಆಗಲಿಲ್ಲ. ಅದಕ್ಕೆ ಇಲ್ಲಿ ಬರೆಯುತ್ತೇನೆ. ಎರಡನೆಯ ಇಯತ್ತೆಗೆ ಸಾಲಿ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರು ಸರಿಮಾಡಿಕೊಳ್ಳಲಿ.

ಸಿಂದಗಿಯಲ್ಲಿ ನಮ್ಮದು ಸಿಂಪಿಗರ ಮನೆ, ಬಟ್ಟೆ ಹೊಲಿಯುವುದೇ ಕಸುಬು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಬೀದಿಗೆ ಅಪ್ಪನ ಅಂಗಡಿ, ಅದರ ಬೆನ್ನಿಗೆ ನಡುಮನೆ, ನಡುಮನೆಯ ಬೆನ್ನಿಗೆ ಅಡುಗೆಮನೆ. ಕಿಟಕಿ ಎಂಬುದು ಇರಲಿಲ್ಲ. ನಡುಮನೆಯ ಮಾಳಿಗೆಯಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಇಳಿದ ಬಿಸಿಲು ಹೊತ್ತು ಏರಿದಂತೆ ನೆಲದ ಮೇಲೆ ಸರಿಯುತ್ತಿತ್ತು. ನಾನು, ಅವ್ವ, ಆಯಿ ಮೂವರೂ ಆ ಬಿಸಿಲಿನ ಹಿಂದೆ ಕುಂಡಿ ಸರಿಸುತ್ತ ಅಂಗಿಗಳ ಗುಂಡಿಯ ತೂತಿಗೆ ದಾರ ಸುತ್ತಿ ಕಾಜಾ ಮಾಡುತ್ತಿದ್ದೆವು, ಅಂಚು ಮಡಚಿ ಕೈಹೊಲಿಗೆ ಹಾಕುತ್ತಿದ್ದೆವು. ಆಯಿ ಎಂದರೆ ಅಪ್ಪನ ತಾಯಿ. ಕಣ್ಣಿಗೆ ಪೊರೆ ಬಂದಿತ್ತು, ಆದರೂ ಬೆರಳಿನಿಂದಲೇ ತೂತು ಹುಡುಕಿ ಗುಂಡಿ ಹಚ್ಚುತ್ತಿದ್ದಳು. ದೇವರ ಜೊತೆ ಮರಾಠಿಯಲ್ಲಿ ಮಾತಾಡುತ್ತಿದ್ದಳು, ನಮ್ಮನ್ನು ಕನ್ನಡದಲ್ಲಿ ಬೈಯುತ್ತಿದ್ದಳು. ಹೊರಗೆ ಅಂಗಡಿಯಲ್ಲಿ ಅಪ್ಪ ಮತ್ತು ನನ್ನ ಅಣ್ಣ ಪಾಂಡು. ಅಪ್ಪ ಹಲಗೆಯ ಮುಂದೆ ಕತ್ತರಿಸುತ್ತಿದ್ದ, ಪಾಂಡು ಮಿಷನ್ ತುಳಿಯುತ್ತಿದ್ದ.

ಕತ್ತರಿ ಅಂಗಡಿಯ ಹೊಸ್ತಿಲು ದಾಟಿ ಒಳಗೆ ಬರುತ್ತಿರಲಿಲ್ಲ. ಗಂಡಸರು ಕತ್ತರಿಸಬೇಕು, ಹೆಂಗಸರು ಹರಿಯಬೇಕು, ಇದು ಮನೆಯ ಕಾನೂನು. ಹೊದೆಯುವ ಕೌದಿಗೆ ತುಂಡು ಬೇಕಾದರೆ ಅವ್ವ ಅರಿವೆಯ ಅಂಚಿಗೆ ಹಲ್ಲು ಹಚ್ಚಿ ಸಣ್ಣ ಸೀಳು ಮಾಡಿ, ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿಯುತ್ತಿದ್ದಳು. ಅರಿವೆ ನೂಲಿನ ಗುಂಟ ಹರಿಯುತ್ತದೆ. ಎಳೆ ಎತ್ತ ಓಡುತ್ತದೆ, ಯಾವ ಅರಿವೆ ಜಗ್ಗುತ್ತದೆ, ಯಾವುದು ಜಗ್ಗುವುದಿಲ್ಲ ಎಂಬುದನ್ನು ನಾನು ಹೀಗೆ ಹರಿದು ಹರಿದೇ ಕಲಿತೆ. ಹೆಣ್ಣುಮಕ್ಕಳಿಗೆ ಕತ್ತರಿ ಕೊಡದಿರಲು ಕಾರಣವೂ ಇತ್ತು. ನಮ್ಮಲ್ಲಿ ಹೆಣ್ಣು ಕೊಡುವುದು, ತರುವುದು ಎರಡೂ ಸಿಂಪಿಗರ ಮನೆಗೇ. ಮಗಳಿಗೆ ಕತ್ತರಿಸಲು ಕಲಿಸಿದರೆ ಮನೆಯ ಕೈ ಬೀಗರ ಅಂಗಡಿಗೆ ಹೋಗುತ್ತದೆ ಎಂದು ಅಂಜಿಕೆ. ಸೊಸೆ ಬಂದರೆ ಅವಳಿಗೂ ಕೊಡುತ್ತಿರಲಿಲ್ಲ, ಮಾವನ ಸರಿಸಮ ಕೂಡುತ್ತಾಳೆ ಎಂದು. ಕೊಡುವವರಿಗೆ ಒಂದು ಭಯ, ತರುವವರಿಗೆ ಇನ್ನೊಂದು. ಒಟ್ಟಿನಲ್ಲಿ ಹೆಂಗಸಿನ ಕೈಗೆ ಸೂಜಿ. ನಾನು ಸಣ್ಣಾಕೆ ಇದ್ದಾಗ ಒಮ್ಮೆ ಧೈರ್ಯ ಮಾಡಿ ಅಂಗಡಿಯ ಹೊಸ್ತಿಲ ಮೇಲೆ ನಿಂತು ಕೇಳಿದ್ದೆ.

"ಅಪ್ಪಾ, ನಾ ಒಂದ್ ಸಲ ಕತ್ತರಸ್ತೇನಿ."

"ಕಾಜಾ ಆತೇನು?"

"ಆತು."

"ಹಂಗಾರ ಇನ್ನೊಂದ್ ಅಂಗಿ ತಗೋ."

ಅಪ್ಪ ಕೆಟ್ಟವನಲ್ಲ. ಅವನಿಗೆ ಅದು ಮಾತಾಡುವ ವಿಷಯವೇ ಆಗಿರಲಿಲ್ಲ.

ಹೆಂಗಸರ ಕುಬಸವನ್ನೂ ಅಪ್ಪ ಹೊಲಿಯುತ್ತಿದ್ದ, ಆದರೆ ಹೆಂಗಸರನ್ನು ನೋಡದೆ. ಅಳತೆಗೆಂದು ಹಳೆಯದೊಂದು ಕುಬಸ ಕಳಿಸುತ್ತಿದ್ದರು. ಅದಕ್ಕೆ ಅಳತಿ ಕುಬಸ ಎಂದೇ ಹೆಸರು. ಮದುವೆಯಲ್ಲಿ ಹೊಲಿಸಿದ್ದು ಇರುತ್ತಿತ್ತು; ಮಕ್ಕಳಾದ ಮೇಲೂ ಅದೇ ಅಳತೆ, ಮೊಮ್ಮಕ್ಕಳಾದ ಮೇಲೂ ಅದೇ. ಮೈ ಬದಲಾಗುತ್ತಿತ್ತು, ಅಳತಿ ಕುಬಸ ಬದಲಾಗುತ್ತಿರಲಿಲ್ಲ. ಊರಿನ ಅರ್ಧ ಹೆಂಗಸರು ತಮ್ಮ ಮದುವೆಯ ಕಾಲದ ಮೈಗೆ ಹೊಲಿದದ್ದನ್ನು ತೊಟ್ಟು ಉಸಿರು ಹಿಡಿದು ತಿರುಗುತ್ತಿದ್ದರು, ಉಳಿದರ್ಧ ತೋಳು ಜೋಲು ಬಿಟ್ಟುಕೊಂಡು. ಅದು ತಪ್ಪು ಎಂದು ಯಾರಿಗೂ ಹೊಳೆದಿರಲಿಲ್ಲ.

ಹಾಗಿರುವಾಗ ಹೆಣ್ಣುಮಕ್ಕಳ ಸಾಲಿಗೆ ಹೊಸ ಮಾಸ್ತರಬಾಯಿ ಬಂದರು. ಅವರನ್ನು ಊರೆಲ್ಲ ಅಕ್ಕೋರು ಅನ್ನುತ್ತಿತ್ತು. ಧಾರವಾಡದ ಕಡೆಯವರು. ಸಣ್ಣ ವಯಸ್ಸಿನಲ್ಲೇ ಗಂಡ ಸತ್ತಿದ್ದ. ಬಿಳಿ ಉಡಬೇಕು ಎಂಬ ಕರಾರಿನ ಮೇಲೆ ಅತ್ತೆಮನೆಯವರು ನೌಕರಿಗೆ ಬಿಟ್ಟಿದ್ದರು. ಅವರು ಯಾರನ್ನೂ ಕಳಿಸಲಿಲ್ಲ, ತಾವೇ ಅಂಗಡಿಗೆ ಬಂದು ಅರಿವೆಯ ಗಂಟು ಬಿಚ್ಚಿ ಹಲಗೆಯ ಮೇಲಿಟ್ಟರು. ನಾನು ನಡುಮನೆಯ ಬಾಗಿಲ ಸಂದಿಯಿಂದ ನೋಡುತ್ತಿದ್ದೆ.

"ಅಳತಿ ಕುಬಸ ಕೊಡ್ರಿ ಅಕ್ಕೋರ," ಎಂದ ಅಪ್ಪ, ನೆಲ ನೋಡುತ್ತ.

"ಇಲ್ರಿ. ಇದ್ದದ್ದು ಒಂದೂ ನನಗ ಸರಿ ಕುಂದ್ರಂಗಿಲ್ಲ. ಮೈ ಅಳದು ಹೊಲೀರಿ."

"ಹೆಣ್ಣಮಕ್ಕಳ ಅಳತಿ ನಾವು ತಗೊಳ್ಳಂಗಿಲ್ರಿ."

"ಹಂಗಾರ ಅಳತಿ ತಗೊಳ್ಳಾವ್ರನ್ನ ಕರೀರಿ. ಬಿಳೀದು ಉಡು ಅಂದಾರ, ಉಡತೇನಿ. ಚೆಂದ ಹೊಲಿಸಬ್ಯಾಡ ಅಂತ ಯಾರೂ ಹೇಳಿಲ್ಲ. ಮೈಗೆ ಕುಂದ್ರಬೇಕು, ಮೈ ಕಾಣಬಾರದು. ಕಾಲರ್ ಇರಬೇಕು. ಗುಂಡಿ ಸುದ್ದಾ ಅದ ಅರಿವೀಲೆ ಮಾಡ್ರಿ."

ಅಪ್ಪ ಬಹಳ ಹೊತ್ತು ಅರಿವೆಯನ್ನೇ ಬೆರಳಲ್ಲಿ ಉಜ್ಜಿದ. ಅಂಥ ಅರಿವೆ ನಮ್ಮ ಹಲಗೆಗೆ ಬಂದಿರಲಿಲ್ಲ. ತೆಳು, ಆದರೆ ಪೊಳ್ಳಲ್ಲ. ಕೈಯಲ್ಲಿ ಎತ್ತಿದರೆ ನೀರಿನಂತೆ ಇಳಿಯುತ್ತಿತ್ತು. ಆಮೇಲೆ ಒಳಗೆ ಅದರ ಬಣ್ಣದ ಮೇಲೆ ಜಗಳವಾಯಿತು. ಅಕ್ಕೋರು ದಂತದ ಬಣ್ಣ ಅಂದಿದ್ದರು. ನಮ್ಮಲ್ಲಿ ಯಾರೂ ಆನೆಯ ದಂತ ನೋಡಿರಲಿಲ್ಲ. ಪಾಂಡು ಮಾಸಿದ ಬಿಳಿ ಅಂದ. ಅವ್ವ ಅವನ ತಲೆಗೆ ಮೊಟಕಿ, ಇದು ಮಾಲದಂಡಿ ಜೋಳದ ಬಣ್ಣ, ಹೊಸ ರಾಶಿಯ ಜೋಳ ಬಿಸಿಲಿಗೆ ಹಾಕಿದಾಗ ಹೀಗೇ ಕಾಣುತ್ತದೆ ಎಂದಳು. ಇವತ್ತಿಗೂ ನನಗೆ ಅದೇ ಹೆಸರು. ಮೊಮ್ಮಗಳು ಮುಂಬೈಯಿಂದ ಅರಿವೆ ತರಿಸುವಾಗ ನಾನು ಅವಳ ಕೈಗೆ ನಾಲ್ಕು ಕಾಳು ಜೋಳ ಕೊಡುತ್ತೇನೆ, ಇದಕ್ಕೆ ಹೊಂದಿಸಿ ನೋಡು ಎಂದು.

ಅಳೆಯುವುದು ಯಾರು? ಅವ್ವ ನಾಚಿದಳು. ಆಯಿಗೆ ಕಣ್ಣಿಲ್ಲ. ಅಪ್ಪ ನನ್ನನ್ನು ಕರೆದ.

"ಏ ರುಕ್ಮಿ, ಅಕ್ಕೋರನ್ನ ಒಳಗ ಕರಕೊಂಡ ಹೋಗು. ಟೇಪ್ ತಗೋ."

ಟೇಪಿನ ಮೇಲಿನ ಗೀಟು ನನಗೆ ಓದಲು ಬರುತ್ತಿರಲಿಲ್ಲ. ಹಾಗೆಂದು ಹೇಳಿದರೆ ಇದೂ ಕೈತಪ್ಪುತ್ತದೆ ಎಂದು ಟೇಪನ್ನು ಸೊಂಟಕ್ಕೆ ಸಿಕ್ಕಿಸಿ, ಕೈಹೊಲಿಗೆಯ ಗಟ್ಟಿ ದಾರ ತೆಗೆದೆ. ಎದೆಯ ಸುತ್ತಳತೆ ಮುಗಿದಲ್ಲಿ ಒಂದು ಗಂಟು, ನಡುವಿಗೆ ಜೋಡಿ ಗಂಟು, ತೋಳಿಗೆ ಬೇರೆ ದಾರ, ಅದರಲ್ಲಿ ಮೊಣಕೈಗೊಂದು ಗಂಟು. ಅಕ್ಕೋರ ಬೆನ್ನಿನ ಮೇಲೆ ಕೈಯಾಡಿಸಿ ಅದು ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ಬರುತ್ತದೆ ನೋಡಿಕೊಂಡೆ. ಎಡಭುಜ ಬಲಕ್ಕಿಂತ ತುಸು ತಗ್ಗು. ಅಳತಿ ಕುಬಸ ಇದನ್ನೆಲ್ಲ ಹೇಳುತ್ತಿತ್ತೇ? ದಾರ ತಂದು ಹಲಗೆಯ ಮೇಲೆ ಇಟ್ಟಾಗ ಅಪ್ಪ ನನ್ನ ಮುಖ ನೋಡಿದ. ಬೈಯಲಿಲ್ಲ. ಯಾವ ಗಂಟು ಯಾವುದರದು ಎಂದು ಅವನಿಗೆ ತಿಳಿಯುವಂತಿರಲಿಲ್ಲವಾದ್ದರಿಂದ ನಾನು ಹಲಗೆಯ ಬಳಿ ನಿಲ್ಲಲೇಬೇಕಾಯಿತು. ಹೊಸ್ತಿಲು ದಾಟಿದ್ದು ಹೀಗೆ.

ಆ ಅರಿವೆ ಮನೆಯಲ್ಲಿ ಇದ್ದಷ್ಟು ದಿನ ಅಪ್ಪ ಒಲೆಯ ಮೇಲೂ ಕಾನೂನು ಹಾಕಿದ. ಅರಿಷಿಣ ಬೇಡ, ಖಾರ ಬೇಡ, ಒಗ್ಗರಣೆ ಬೇಡ, ಶೇಂಗಾ ಹಿಂಡಿಗೆ ಎಣ್ಣೆ ಹಾಕಿ ಕಲಸಿ ತಿಂದ ಕೈ ಅಂತೂ ಬೇಡವೇ ಬೇಡ. ತಲೆಗೆ ಎಣ್ಣೆ ಹಚ್ಚುವಂತಿಲ್ಲ. ಮಾಳಿಗೆಯ ಮಣ್ಣು ಉದುರಬಾರದೆಂದು ಹಲಗೆಯ ಮೇಲೆ ಹಳೆಯ ಧೋತರ ಕಟ್ಟಿದ. ನಾವು ನುಚ್ಚು ಮಜ್ಜಿಗೆ, ರೊಟ್ಟಿ ಮೊಸರು ತಿಂದೆವು. ಎರಡೇ ದಿನಕ್ಕೆ ಪಾಂಡು ತಾಟು ಸರಿಸಿದ.

"ಅಕ್ಕೋರ ಅರಿವಿ ಬಂತಂದ್ರ ನಮಗ ಬಾಣಂತಿ ಪಥ್ಯ ಆತು ನೋಡು."

"ಬಾಣಂತಿಗೆ ಬೆಳ್ಳುಳ್ಳಿ ಖಾರ ಕೊಡತಾರೋ," ಎಂದಳು ಅವ್ವ. "ನಿನಗ ಅದೂ ಇಲ್ಲ. ಸುಮ್ಮನ ಉಣ್ಣು."

ಅಕ್ಕೋರು ಒಂದರ ಹಿಂದೆ ಒಂದು ಹೊಲಿಸಿದರು. ಅವರನ್ನು ನೋಡಿ ಬೇರೆ ಮನೆಯವರೂ ಬಂದರು. ವಕೀಲರ ಹೆಂಡತಿ, ಪೋಸ್ಟ್ ಮಾಸ್ತರರ ಮಗಳು. ನಾನು ದಾರ ಹಿಡಿದು ಅಳೆಯುವುದು, ಅಪ್ಪ ಕತ್ತರಿಸುವುದು. ಅಪ್ಪನ ಕೈ ಗಂಡಸರ ಅಂಗಿಗೆ ಪಳಗಿದ್ದು. ಬೆನ್ನನ್ನು ಯಾವಾಗಲೂ ಒಂದೇ ತುಂಡು ತೆಗೆಯುತ್ತಿದ್ದ. ಎದೆಯಲ್ಲಿ ಸರಿ ಕೂತರೂ ಹಿಂದೆ ನಡುವಿನ ಹತ್ತಿರ ಅರಿವೆ ಮುದ್ದೆಯಾಗುತ್ತಿತ್ತು. ದಪ್ಪ ಅರಿವೆಯಲ್ಲಿ, ಬಣ್ಣದಲ್ಲಿ ಅದು ಅಡಗುತ್ತದೆ. ತೆಳು ಬೆಳ್ಳನೆಯದರಲ್ಲಿ ಒಂದು ಸುಕ್ಕೂ ಅಡಗುವುದಿಲ್ಲ.

"ಅಪ್ಪಾ, ಬೆನ್ನಾಗ ಅರಿವಿ ಗುಡ್ಡ ಆಗತೈತಿ," ಎಂದೆ. 

"ಬೆನ್ನ ಯಾರು ನೋಡತಾರ?"

"ಎದುರು ಬಂದಾವ್ರನ್ನ ಬಿಟ್ಟು ಉಳದಾವ್ರೆಲ್ಲಾ ನೋಡತಾರ."

ಪಾಂಡು ಮಿಷನ್ ನಿಲ್ಲಿಸಿ ನಕ್ಕ. ಅಪ್ಪ ನನ್ನನ್ನು ಕಾಜಾಕ್ಕೆ ಅಟ್ಟಿದ.

ಆಮೇಲೆ ಆ ರೇಶಿಮೆ ಬಂತು. ಅಕ್ಕೋರ ತಂಗಿಯ ಮದುವೆ ಕೂಡಿತ್ತು. ಅವರ ಅಣ್ಣ ಮೈಸೂರಿನ ಕಡೆಯಿಂದ ತರಿಸಿದ ರೇಶಿಮೆ, ಅದೇ ಜೋಳದ ಬಣ್ಣ, ಆದರೆ ಒಳಗಿನಿಂದ ಬೆಳಕು ಬಂದಂತೆ. ಸೀರೆಯ ಮೇಲೆ ತೊಡುವ, ಮೊಣಕೈ ತನಕ ತೋಳಿನ, ನಡು ತನಕ ಇಳಿಯುವ ಕಾಲರಿನ ಮೇಲಂಗಿ ಆಗಬೇಕಿತ್ತು. ಅರಿವೆ ಅಳತೆಗೆ ಸರಿಯಾಗಿ ಇತ್ತು, ಹೆಚ್ಚಿಗೆ ಒಂದು ಬೆರಳೂ ಇಲ್ಲ.

"ಹಿಂದಿನ ಖೋಲ್ಯಾಗ ಹೋಗಿ ಕುಂದ್ರು ಅಂತ ಹೇಳಾವ್ರು ಇರ್ತಾರ್ರಿ ಮದುವ್ಯಾಗ," ಎಂದರು ಅಕ್ಕೋರು. "ಅವರು ಹೇಳಾಕ ಹಿಂದ ಮುಂದ ನೋಡಬೇಕು. ಹಂಗ ಹೊಲೀರಿ."

ಈಗ ನಮ್ಮ ಮನೆಯ ಒಂದು ರೂಢಿ ಹೇಳಬೇಕು. ಯಾವುದೇ ಹೊಸ ಅರಿವೆ ಇರಲಿ, ಕತ್ತರಿ ತಾಗುವ ಮೊದಲು ಅದರ ಒಂದು ಮೂಲೆಗೆ ಅರಿಷಿಣ ಕುಂಕುಮ ಹಚ್ಚಬೇಕು. ಆ ಕೆಲಸ ಆಯಿಯದು. ಬಣ್ಣದ ಖಣದ ಮೇಲೆ ಅದು ಕಾಣುತ್ತಿರಲಿಲ್ಲ, ಅಂಚಿನ ಮಡಿಕೆಯಲ್ಲಿ ಹೋಗುತ್ತಿತ್ತು. ಅಕ್ಕೋರ ಅರಿವೆ ಬಂದಾಗ ಮಾತ್ರ ಅವ್ವ ಅದನ್ನು ಆಯಿಯ ಕೈಗೆ ಸಿಗದಂತೆ ತಾನೇ ಎತ್ತಿಡುತ್ತಿದ್ದಳು. ಒಂದು, ಬೆಳ್ಳನೆಯ ಅರಿವೆ. ಎರಡು, ಗಂಡ ಸತ್ತವರ ಅರಿವೆ. ಆಯಿಗೆ ಬಿಡಿಸಿ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ಆವತ್ತು ಅವ್ವ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದಳು. ಅಪ್ಪ ಕೈತೊಳೆಯಲು ಹಿತ್ತಲಿಗೆ ಹೋದ. ಆಯಿ ಹಲಗೆಯ ಮೇಲೆ ಕೈಯಾಡಿಸಿದಳು, ಹೊಸ ಅರಿವೆ ಎಂದು ವಾಸನೆಯಿಂದ ತಿಳಿದಳು, ದೇವರ ಮುಂದಿನ ಬಟ್ಟಲಿನಲ್ಲಿ ಬೆರಳು ಅದ್ದಿ ತಂದು, ಪಾಂಡುರಂಗಾ ಎಂದು ರೇಶಿಮೆಯ ಮೂಲೆಗೆ ಒತ್ತಿಬಿಟ್ಟಳು. ನಾನು ಕೂಗುವಷ್ಟರಲ್ಲಿ ಮುಗಿದಿತ್ತು. ಪಾಂಡು ಗಾಬರಿಯಾಗಿ ಓಡಿಬಂದು ಸಾಬಾನು ಹಚ್ಚಿ ಉಜ್ಜಿದ. ಅರಿಷಿಣಕ್ಕೆ ಸಾಬಾನು ತಾಗಿದರೆ ಕೆಂಪಾಗುತ್ತದೆ ಎಂದು ಬಟ್ಟೆ ಒಗೆಯುವ ಯಾವ ಹೆಂಗಸಿಗೂ ಗೊತ್ತು. ಅವನು ಎಂದೂ ಬಟ್ಟೆ ಒಗೆದವನಲ್ಲ. ಬೊಟ್ಟಿನಷ್ಟಿದ್ದದ್ದು ಅಂಗೈಯಷ್ಟಾಯಿತು, ಹಳದಿ ಇದ್ದದ್ದು ಇಟ್ಟಂಗಿಯ ಬಣ್ಣವಾಯಿತು.

ಅಪ್ಪ ಬಂದು ನೋಡಿದ. ಒದ್ದೆ ಕೈ ಧೋತರಕ್ಕೆ ಒರೆಸಿ ಹಲಗೆಯ ಮುಂದೆ ಕೂತ.

"ಯವ್ವಾ, ಏನ್ ಮಾಡಿದಿ?"

"ಹೊಸಾ ಅರಿವಿಗೆ ಹಚ್ಚೂದು ಹಚ್ಚೇನಿ," ಎಂದಳು ಆಯಿ. "ಯಾರದು ಅಂತ ಅರಿವಿ ಮ್ಯಾಲೆ ಬರದಿತ್ತೇನು?"

"ಅಕ್ಕೋರದು."

ಆಯಿ ಅರಿಷಿಣದ ಬೆರಳು ಸೆರಗಿಗೆ ಒರೆಸಿದಳು. ಆಕೆಯೂ ಗಂಡ ಸತ್ತವಳೇ. "ಪಾಪ, ಅಕಿಗ್ಯಾರು ಹಚ್ಚತಾರ?" ಎಂದು ಹೇಳಿ, ಗೋಡೆ ಹಿಡಿದುಕೊಂಡು ಒಳಗೆ ಹೋದಳು.

ಅಪ್ಪ ಅಳತೆ ಹಾಕಿ ನೋಡಿದ. ಕಲೆ ಇದ್ದ ಮೂಲೆ ಬಲಗಡೆಯ ಎದೆಗೆ ಬರುತ್ತಿತ್ತು. ತಿರುಗಿಸಿ ಹಾಕಿದರೆ ಬೆನ್ನ ನಡುವೆ. ಹೇಗೆ ಇಟ್ಟರೂ ಆ ಮೂಲೆ ಬಿಟ್ಟು ಅರಿವೆ ಸಾಲುತ್ತಿರಲಿಲ್ಲ.

"ಕೈಕಾಲು ಹಿಡದು ವಾಪಸ್ ಕೊಡೂದು," ಎಂದ. "ಇವತ್ತಿಗೆ ಮುಗೀತು. ಇನ್ನ ಹೆಣ್ಣಮಕ್ಕಳ ಕೆಲಸ ನಮಗ ಬ್ಯಾಡ. ರುಕ್ಮಿ, ನೀ ಒಳಗ ನಡಿ."

ಆ ಒಳಗೆ ಎಂದರೆ ಏನು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಬೆಳಕಿಂಡಿಯ ಬಿಸಿಲಿನ ಹಿಂದೆ ಸರಿಯುತ್ತ ಕಾಜಾ. ಇಲ್ಲಿ ಕಾಜಾ, ಮದುವೆಯಾಗಿ ಹೋದಲ್ಲಿ ಕಾಜಾ, ಆಯಿಯ ಹಾಗೆ ಕಣ್ಣು ಹೋದ ಮೇಲೂ ಗುಂಡಿ. ಒಳಗೆ ಹೋಗಲಿಲ್ಲ. ಅರಿವೆಯನ್ನೇ ನೋಡುತ್ತ ನಿಂತೆ. ಅವ್ವ ಕೌದಿಗೆ ತುಂಡು ಹೊಂದಿಸುವಾಗ ಇಡೀ ಅರಿವೆ ಎಂದೂ ಇರುತ್ತಿರಲಿಲ್ಲ. ಇದ್ದದ್ದನ್ನು ಒಡೆದು, ತಿರುವಿ, ಕೂಡಿಸುತ್ತಿದ್ದಳು. ಇಡೀ ಬೆನ್ನು ಬೇಕು ಎಂದು ಹೇಳಿದವರು ಯಾರು?

"ಬೆನ್ನ ಒಂದ ತುಂಡ ತಗೀಬ್ಯಾಡ ಅಪ್ಪಾ. ಉದ್ದಕ ಸೀಳಿ ಬ್ಯಾರೆ ಬ್ಯಾರೆ ತಗಿ. ಸಣ್ಣ ತುಂಡ ಹೆಂಗ ಬೇಕಾದಂಗ ತಿರುಗಿಸಿ ಇಡಾಕ ಬರತಾವು. ಆಗ ಈ ಮೂಲಿ ಉಳೀತೈತಿ. ಅದರಾಗ ಕಾಲರ್ ಒಳಮಗ್ಗಲಾ ತಗಿ."

"ಬೆನ್ನಾಗ ಹೊಲಿಗಿ ಕಾಣತಾವು."

"ಕಾಣಲಿ. ಅಕ್ಕೋರ ಬೆನ್ನ ಎಲ್ಲಿ ಒಳಗ ಹೋಗತೈತೋ ಅಲ್ಲೇ ಹೊಲಿಗಿ ಹೋಗಲಿ. ಗುಡ್ಡಾನೂ ಆಗಂಗಿಲ್ಲ."

ಅಪ್ಪನಿಗೆ ಅದು ಕಣ್ಣಿಗೆ ಕಟ್ಟಲಿಲ್ಲ. ಗೀಟು ಹಾಕಿ ತೋರಿಸೋಣವೆಂದರೆ ರೇಶಿಮೆಗೆ ಸುಣ್ಣದ ಬಳಪ ತಾಗಿಸುವಂತಿಲ್ಲ. ನಾನು ಉಗುರಿನಿಂದ ಮಡಿಕೆ ಒತ್ತಿ ಒತ್ತಿ ತೋರಿಸಿದೆ. ಅಂಚು ಮಡಚುವಾಗ ಹೆಂಗಸರು ಮಾಡುವ ಹಾಗೆ. ಅವನು ಬಗ್ಗಿ ನೋಡಿದ, ಮಡಿಕೆ ಕಾಣಲಿಲ್ಲ. ಕತ್ತರಿಯನ್ನು ಪಾಂಡುವಿನ ಕಡೆ ಸರಿಸಿದ.

"ನನಗ ತಿಳಿಯಂಗಿಲ್ಲಪಾ," ಎಂದು ಪಾಂಡು ಎರಡೂ ಕೈ ಹಿಂದೆ ಕಟ್ಟಿಕೊಂಡ. "ಅಕೀ ತಲ್ಯಾಗ ಐತಿ ಅದು. ಅಕೀ ಕೈಗೇ ಕೊಡು."

ಅಪ್ಪ ಬೀದಿಯತ್ತ ನೋಡಿದ. ಎದುರಿನ ಕಟ್ಟೆಯ ಮೇಲೆ ಜನ ಕೂತಿದ್ದರು.

"ಪಾಂಡು, ಬಾಗಲಾ ಹಾಕು."

ಹೀಗೆ ಬಾಗಿಲು ಹಾಕಿದ್ದು. ಅಂಗಡಿ ಕತ್ತಲಾಯಿತು. ಹಲಗೆಯನ್ನು ಎತ್ತಿ ನಡುಮನೆಯ ಬೆಳಕಿಂಡಿಯ ಕೆಳಗೆ ಇಟ್ಟರು. ಮೊದಲ ಸಲ ಕತ್ತರಿಸಿದಾಗ ಏನನ್ನಿಸಿತು ಎಂದು ಮೊಮ್ಮಗಳು ಕೇಳುತ್ತಾಳೆ. ಏನೂ ಅನ್ನಿಸಲಿಲ್ಲ. ಕತ್ತರಿ ಭಾರವಿತ್ತು, ಅದರ ಹಿಡಿಕೆಯ ಕಣ್ಣು ನನ್ನ ಹೆಬ್ಬೆರಳಿಗೆ ದೊಡ್ಡದಿತ್ತು, ರೇಶಿಮೆ ಜಾರುತ್ತಿತ್ತು. ಅವ್ವ ಹಳ್ಳದಿಂದ ಬಂದು ಒದ್ದೆ ಬಟ್ಟೆಯ ಬುಟ್ಟಿ ಹೊತ್ತುಕೊಂಡೇ ಹಿತ್ತಲ ಬಾಗಿಲಲ್ಲಿ ನಿಂತುಬಿಟ್ಟಳು.

ಮೇಲಂಗಿ ಮುಗಿದಾಗ ಬೆನ್ನಿನ ಹೊಲಿಗೆಗಳು ಭುಜದಿಂದ ಇಳಿದು, ನಡುವಿನಲ್ಲಿ ಹತ್ತಿರ ಬಂದು, ಕೆಳಗೆ ಮತ್ತೆ ಅಗಲವಾಗಿದ್ದವು. ಅಕ್ಕೋರು ತೊಟ್ಟು ತಿರುಗಿದರು. ಒಂದೂ ಸುಕ್ಕಿರಲಿಲ್ಲ. ಅಪ್ಪ ಮುಚ್ಚಿಡುವವನಲ್ಲ, ಕಾಲರಿನ ಒಳಗೆ ಏನಿದೆ, ಹೇಗಾಯಿತು ಎಲ್ಲ ಹೇಳಿದ. ಯಾರು ಕತ್ತರಿಸಿದರು ಎಂಬುದನ್ನು ಮಾತ್ರ ಹೇಳಲಿಲ್ಲ. ಅಕ್ಕೋರು ಕಾಲರನ್ನು ಎತ್ತಿ ನೋಡಿ, ಮತ್ತೆ ಮಡಚಿದರು.

"ಇರ್ಲಿ ಬಿಡ್ರಿ. ಬಿಚ್ಚಿ ನೋಡಾವ್ರು ಯಾರದಾರ?"

ಮದುವೆ ಮುಗಿಸಿ ಬಂದ ಮೇಲೆ ನನ್ನನ್ನು ಕರೆದು ಹೇಳಿದ್ದು ಇಷ್ಟೇ: "ಮುಂದ ಕುಂತಿದ್ದೆ. ಯಾರೂ ಎಬ್ಬಿಸಲಿಲ್ಲ."

ಆಮೇಲಿನ ವರ್ಷಗಳಲ್ಲಿ ಬಾಗಿಲು ಹಾಕುವುದೇ ರೂಢಿಯಾಯಿತು. ತೆಳು ಅರಿವೆ, ಬೆಳ್ಳನೆಯ ಅರಿವೆ ಬಂದಾಗ ಪಾಂಡು ಕದ ಹಾಕುತ್ತಿದ್ದ, ನಾನು ಕತ್ತರಿಸುತ್ತಿದ್ದೆ, ಅಪ್ಪ ಮಿಷನ್ ತುಳಿಯುತ್ತಿದ್ದ. ಕೈಗೆ ಕೆಲಸವಿಲ್ಲದ ಪಾಂಡು ಅವ್ವನ ಪಕ್ಕ ನನ್ನ ಹಳೆಯ ಜಾಗದಲ್ಲಿ ಕೂತು ಕಾಜಾ ಮಾಡುತ್ತಿದ್ದ. ನನಗಿಂತ ಸಣ್ಣಗೆ ಮಾಡುತ್ತಿದ್ದ, ಅದನ್ನು ಒಪ್ಪಬೇಕು. ಕದ ತೆಗೆದ ಕೂಡಲೇ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಓಡುತ್ತಿದ್ದೆವು. ಊರಿನಲ್ಲಿ ಪಾಂಡುವಿನ ಕತ್ತರಿಗೆ ಹೆಸರಾಯಿತು. ಗಿರಾಕಿಗಳು ಅವನನ್ನು ಹೊಗಳಿದರೆ ಅವನು ಕಿವಿ ಕೆಂಪಗೆ ಮಾಡಿಕೊಂಡು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದ. ನನಗೆ ಹೊಟ್ಟೆ ಉರಿಯುತ್ತಿತ್ತು. ಒಂದು ದಿನ ಅಪ್ಪನನ್ನು ಕೇಳಿಯೇಬಿಟ್ಟೆ.

"ನಾ ಕತ್ತರಿಸಿದ್ದು ಅಂತ ಯಾವಾಗ ಹೇಳತಿ?"

"ನಿನ್ನ ಮದುವಿ ಆಗಲಿ."

"ಮದುವ್ಯಾದ ಮ್ಯಾಲೆ ನಾ ಇಲ್ಲೆಲ್ಲಿರತೇನಿ?"

ಅಪ್ಪ ಮಿಷನ್ ತುಳಿಯತೊಡಗಿದ. ಉತ್ತರ ಕೊಟ್ಟವಳು ಅವ್ವ. ಕತ್ತರಿ ಹಿಡಿಯುವ ಹುಡುಗಿ ಎಂದು ಗೊತ್ತಾದರೆ ನಮ್ಮ ಜಾತಿಯಲ್ಲಿ ಯಾರೂ ಹೊಸ್ತಿಲು ತುಳಿಯುವುದಿಲ್ಲ ಎಂದಳು. ಸುಳ್ಳೇನೂ ಅಲ್ಲ.

ಮುದ್ದೇಬಿಹಾಳದಿಂದ ನನ್ನನ್ನು ನೋಡಲು ಬಂದರು. ದೊಡ್ಡ ಅಂಗಡಿಯವರು. ಹುಡುಗ, ಅವನ ತಂದೆ, ಜೊತೆಗೆ ಒಂದಿಬ್ಬರು. ಅವ್ವ ಹಿಂದಿನ ದಿನವೇ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದಳು: ಹುಡುಗಿ ಕಾಜಾ ಮಾಡುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ಅಷ್ಟೇ. ನಾನು ಚೂಡಾ, ಚಹಾ ತಂದಿಟ್ಟು ಕಂಬದ ಪಕ್ಕ ನಿಂತೆ. ಹುಡುಗನ ತಂದೆ ಮುದುಕ, ದೊಡ್ಡ ಮೀಸೆ, ಬೆರಳಿನಲ್ಲಿ ಸೂಜಿ ಚುಚ್ಚಿದ ಹಳೆಯ ಗುರುತು.

"ಹುಡಿಗಿ ಕಾಜಾ ಮಾಡತಾಳೇನ್ರಿ?"

"ಮಾಡತಾಳ್ರಿ," ಎಂದಳು ಅವ್ವ ಅಡುಗೆಮನೆಯ ಬಾಗಿಲಿನಿಂದ. "ಭಾಳ ಸಣ್ಣ ಕಾಜಾ."

ಮುದುಕ ತಲೆಯಾಡಿಸಿದ. ಅವನ ಕಣ್ಣು ಗೋಡೆಯ ಗೂಟಕ್ಕೆ ಹೋಯಿತು. ಅಲ್ಲಿ ವಕೀಲರ ಸೊಸೆಯ ಮೇಲಂಗಿ ತೂಗುತ್ತಿತ್ತು, ದಂತದ ಬಣ್ಣದ್ದು, ಇಸ್ತ್ರಿ ಆಗಿ ಒಯ್ಯಲು ಸಿದ್ಧವಾಗಿದ್ದದ್ದು. ಕೇಳದೆಯೇ ಎದ್ದು ಅದನ್ನು ಇಳಿಸಿ, ಒಳಗಿನದನ್ನು ಹೊರಗೆ ಮಾಡಿದ. ಕಸುಬಿನವರು ಅರಿವೆಯನ್ನು ಒಳಮಗ್ಗುಲಿನಿಂದಲೇ ನೋಡುತ್ತಾರೆ. ಬೆನ್ನಿನ ಹೊಲಿಗೆಯ ಗುಂಟ ಬೆರಳು ಇಳಿಸಿದ, ಮತ್ತೆ ಏರಿಸಿ ಅಪ್ಪನ ಕಡೆ ತಿರುಗಿದ.

"ಮಾಸ್ತರ, ಬೆನ್ನ ಹಿಂಗ ಕೂಡಿಸಿದ್ದು ನಾ ಎಲ್ಲೂ ನೋಡಿಲ್ಲ. ಪಾಂಡುನ ಕತ್ತರಿ ಏನು?"

ಹೌದು ಅಂದುಬಿಟ್ಟರೆ ಮುಗಿಯುತ್ತಿತ್ತು. ಅಪ್ಪ ಬಟ್ಟಲಿನ ಚಹಾ ಕುಡಿದು, ಮೀಸೆ ಒರೆಸಿಕೊಂಡ.

"ಹುಡಿಗೀದು."

"ಯಾವ ಹುಡಿಗಿ?"

"ನೀವು ನೋಡಾಕ ಬಂದೀರಲ್ಲ, ಅಕೀದು."

"ಕಾಜಾ ಮಾಡತಾಳ ಅಂದ್ರಿ?"

"ಕತ್ತರಸತಾಳ."

ಮುದುಕ ಮೇಲಂಗಿ ಹಿಡಿದುಕೊಂಡೇ ಪಾಂಡುವಿನ ಕಡೆ ತಿರುಗಿದ. "ಹಂಗಾರ ನೀ ಏನ್ ಮಾಡತೀಯೋ ತಮ್ಮಾ?"

ಪಾಂಡುವಿಗೂ ಆಗ ಹೆಣ್ಣು ನೋಡುತ್ತಿದ್ದರು. ಅವನು ಒಮ್ಮೆ ನನ್ನನ್ನು ನೋಡಿದ.

"ಕಾಜಾ ನಾ ಮಾಡತೇನ್ರಿ," ಎಂದ.

ನೋಡಲು ಬಂದ ಹುಡುಗ ನಗು ತಡೆಯಲಾರದೆ ಟವೆಲ್ಲಿನಿಂದ ಬಾಯಿ ಮುಚ್ಚಿಕೊಂಡ. ಮುದುಕ ನಗಲಿಲ್ಲ. ಮೇಲಂಗಿಯನ್ನು ಮೊದಲಿದ್ದ ಹಾಗೇ ತಿರುವಿ, ಭುಜ ಸರಿಮಾಡಿ, ಗೂಟಕ್ಕೆ ಹಾಕಿದ.

"ಮಾವನ ಜೋಡಿ ಹಲಗಿಗೆ ಕುಂದ್ರೂ ಸೊಸಿನ್ನ ನಾ ಕಂಡಿಲ್ಲ, ಮಾಸ್ತರ."

"ಅಪ್ಪನ ಜೋಡಿ ಕುಂದ್ರೂ ಮಗಳನ್ನ ನಾನೂ ಕಂಡಿದ್ದಿಲ್ರಿ," ಎಂದ ಅಪ್ಪ.

ಚೂಡಾ ಪೂರ್ತಿ ತಿಂದು, ಕೈತೊಳೆದು, ಮರ್ಯಾದೆಯಿಂದ ಹೋದರು. ಮುಂದೆ ಹೇಳಿಕಳಿಸುವುದಿಲ್ಲ ಎಂದು ಎಲ್ಲರಿಗೂ ತಿಳಿದೇ ಇತ್ತು. ನನ್ನನ್ನು ಸೊಸೆಯಾಗಿ ತಂದುಕೊಂಡ ಬಾಗೇವಾಡಿಯವರು ಬಂದದ್ದು ಅದಾದ ಬಹಳ ದಿನಕ್ಕೆ, ಎಲ್ಲ ತಿಳಿದುಕೊಂಡೇ ಬಂದರು. ಅದು ಬೇರೆ ಮಾತು. ಆವತ್ತು ಅವ್ವ ಬಟ್ಟಲುಗಳನ್ನು ಕುಕ್ಕಿ, ಮುಂದಿನ ಮನೆಯವರಿಗೆ ಕೇಳುವ ಹಾಗೆ ಅಪ್ಪನನ್ನು ಬೈದಳು. ಅಪ್ಪ ಎದ್ದು ಅಂಗಡಿಗೆ ಬಂದು, ಪೋಸ್ಟ್ ಮಾಸ್ತರರ ಮಗಳು ಕೊಟ್ಟುಹೋಗಿದ್ದ ರೇಶಿಮೆಯನ್ನು ಹಲಗೆಯ ಮೇಲೆ ಹಾಸಿ, ತಾನು ಮಿಷನ್ನಿನ ಮುಂದೆ ಹೋಗಿ ಕೂತ. ಬಾಗಿಲು ತೆರೆದೇ ಇತ್ತು, ಬೀದಿಯಲ್ಲಿ ಜನ ಹಾದುಹೋಗುತ್ತಿದ್ದರು. ನಾನು ಹಲಗೆಗೆ ಕೂತೆ. ಸ್ವಲ್ಪ ಹೊತ್ತಿಗೆ ಅವ್ವನೂ ಬಂದು ನನ್ನ ಪಕ್ಕದಲ್ಲೇ ಕೂತಳು, ಬೈಗುಳ ಮುಗಿದು ಅಳು ಶುರುವಾಗಿತ್ತು, ಮೂಗು ಸೆರಗಿಗೆ ಒರೆಸುತ್ತ ಹಲಗೆಯ ಮೇಲೆ ಬಗ್ಗಿದ್ದಳು. ರೇಶಿಮೆಗೆ ಒಂದು ಹನಿ ನೀರು ಬಿದ್ದರೂ ಗುರುತು ಹೋಗುವುದಿಲ್ಲ.

"ಯವ್ವಾ, ಆಕಡೆ ಸರದು ಕುಂತು ಅಳು," ಎಂದೆ. "ಅರಿವಿ ಮ್ಯಾಲೆ ಬೀಳತೈತಿ."

ಅವ್ವ ಸರಿದು ಕೂತಳು.